ಲ್ಯಾಂಬೆತ್ತಿನ ಟ್ರೆಡೆಸ್ಕಂಟ್ ಸಮಾಧಿ

ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ಮೇಲೆ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಅರಮನೆಯ ಹೆಬ್ಬಾಗಿಲಿಗೆ ಒತ್ತಿಕೊಂಡಂತೆ, ಸೇಂಟ್ ಮೇರಿಯ ಹೆಸರಿನ ಹಳೆಯ ಪ್ಯಾರಿಷ್ ಚರ್ಚೊಂದಿದೆ. ಅದರ ಗೋಪುರವು 14ನೆಯ ಶತಮಾನದ್ದು. ಉಳಿದ ಕಟ್ಟಡದ ಬಹುಭಾಗವು 1851-52ರಲ್ಲಿ ಹಾರ್ಡ್‌ವಿಕ್ ಎಂಬ ವಾಸ್ತುಶಿಲ್ಪಿಯಿಂದ ಹೊಸದಾಗಿ ಕಟ್ಟಲ್ಪಟ್ಟಿತು. ಈ ಚರ್ಚಿನ ಅಂಗಳದಲ್ಲಿರುವ ಗೋರಿಗಳ ಪೈಕಿ ಎರಡು ಹೆಚ್ಚು ಪ್ರಸಿದ್ಧವಾಗಿವೆ. ಒಂದು, ‘ಬೌಂಟಿ’ ಎಂಬ ಹಡಗಿನ ದಂಗೆಯಿಂದ ಹೆಸರಾದ ನೌಕಾಧಿಪತಿ ವಿಲಿಯಂ ಬ್ಲೈನದು. ಅವನು ಮೃತನಾದುದು 1817ರಲ್ಲಿ. ಇದನ್ನು ನೋಡಲು ಬರುವವರೇ ಬಹುಮಂದಿ. ಆದರೆ ಇತಿಹಾಸದ ದೃಷ್ಟಿಯಿಂದ ಇದಕ್ಕಿಂತ ಬೆಲೆಯುಳ್ಳದ್ದು ಪಕ್ಕದ ಇನ್ನೊಂದು. ಜಾನ್ ಟ್ರೆಡೆಸ್ಕಂಟ್ ಎಂಬ ಒಂದೇ ಹೆಸರನ್ನು ಹೊತ್ತಿದ್ದ ಅಜ್ಜ, ಮಗ, ಮೊಮ್ಮಗ ಈ ಮೂವರ ಸಮಾಧಿ.

ಪೆಟ್ಟಿಗೆಯ ಆಕಾರದ ಈ ಕಲ್ಗೋರಿಯ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಮರವನ್ನು ಕೆತ್ತಿದೆ. ಕಂಬಗಳಿರಬೇಕಾದ ಎಡೆಯಲ್ಲಿ ಮರಗಳೇ ನಿಂತು ಮೇಲಣ ಮುಚ್ಚುಗಲ್ಲನ್ನು ಹೊತ್ತಿರುವಂತೆ ಕಾಣುತ್ತದೆ. ಉದ್ದದ ಮಗ್ಗುಲುಗಳಲ್ಲಿ ಒಂದರಲ್ಲಿ ಮುರಿದ ಕೊರಿಂಥಿಯನ್ ಕಂಬಗಳು, ಕುಸಿದ ಕಮಾನುಗಳು, ಪಿರಮಿಡ್ಡು ಮುಂತಾದ ಪ್ರಾಚೀನ ಕಟ್ಟಡಗಳ ಅವಶೇಷಗಳು. ಮತ್ತೊಂದರಲ್ಲಿ ಮೊಸಳೆ, ಕಪ್ಪೆಚಿಪ್ಪು, ಶಂಖ, ದೂರದಲ್ಲಿ ಈಜಿಪ್ಟ್ ದೇಶದ ಕಟ್ಟಡಗಳು. ಒಂದು ತುದಿಯಲ್ಲಿ ಮನೆತನದ ಲಾಂಛನವಿದೆ. ಇನ್ನೊಂದು ತುದಿಯಲ್ಲಿ ಏಳು ಹೆಡೆಗಳ ಹೈಡ್ರ ಎಂಬ ಪುರಾಣಪ್ರಾಣಿಯೊಂದು ಮನುಷ್ಯನ ತಲೆಬುರುಡೆಯನ್ನು ಕುಕ್ಕುತ್ತಿದೆ. ಶಿಲುಬೆಯಾಗಲಿ ದೇವದೂತರಾಗಲಿ ಈ ಶಿಲ್ಪದಲ್ಲಿ ಪ್ರಧಾನವಾಗಿಲ್ಲ. ಒಬ್ಬ ತೋಟಗಾರನ ಗೋರಿಯ ಮೇಲೆ ಮರವಿರುವುದು ಸಹಜವೇ. ಮೊಸಳೆಗೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆ ಮಾತ್ರ ನೋಡಿದವರಿಗೆಲ್ಲ ಏಳತಕ್ಕುದು. ಇದಕ್ಕೆ ಸಮಾಧಾನವು ಆ ಮನೆತನದ ಚರಿತ್ರೆಯಲ್ಲಿಯೂ, ಸಮಾಧಿಯು ಎದ್ದ ವರ್ಷದಲ್ಲಿ ಹೂಡಲ್ಪಟ್ಟ ಒಂದು ವ್ಯಾಜ್ಯದಲ್ಲಿಯೂ ಇದೆ.

ಹಿರಿಯ ಜಾನ್ ಟ್ರೆಡೆಸ್ಕಂಟನು ಹ್ಯಾಟ್‌ಫೀಲ್ಡಿನಲ್ಲಿ ಸಾಲ್ಸ್‌ಬರಿಯ ಅರ್ಲ್ ರಾಬರ್ಟ್ ಸೆಸಿಲನ ತೋಟಗಾರನಾಗಿ ಮೊದಲು ಹೆಸರು ಪಡೆದವನು. ಒಡೆಯನ ತೋಟಕ್ಕೆ ಗಿಡಗಳನ್ನು ಕೊಳ್ಳುವುದಕ್ಕಾಗಿ 1611ರಲ್ಲಿ ನೆದರ್ಲೆಂಡ್ಸ್ ಫ್ರಾನ್ಸ್‌ಗಳಿಗೆ ಹೋಗಿಬಂದನು. 1618ರಲ್ಲಿ ಸರ್ ಡಡ್ಲಿ ಡಿಗ್ಸನ ರಾಯಭಾರದೊಡನೆ ರಷ್ಯದ ಉತ್ತರತೀರದ ಆರ್ಖಾಂಗೆಲ್‌ಸ್ಕಿಗೂ, 1620-21ರಲ್ಲಿ ಆಲ್ಜಿಯರ್ಸಿನ ಕಡಲುಗಳ್ಳರ ಮೇಲೆ ಹೊರಟ ನೌಕಾಪಡೆಯೊಡನೆ ಭೂಮಧ್ಯಸಮುದ್ರಕ್ಕೂ ಪ್ರಯಾಣಮಾಡಿದನು. ಬಳಿಕ ಬಕಿಂಗ್‌ಹ್ಯಾಮಿನ ಡ್ಯೂಕನ ಆಶ್ರಯ. ಆ ಡ್ಯೂಕನು 1628ರಲ್ಲಿ ಕೊಲೆಗೀಡಾದ ಮೇಲೆ, 1630ರಲ್ಲಿ ಓಟ್‌ಲ್ಯಾಂಡ್ಸ್ ಅರಮನೆಯ ತೋಟ, ದ್ರಾಕ್ಷಿ, ರೇಷ್ಮೆಹುಳುಗಳ ಪಾಲಕನೆಂಬ ರಾಜನ ಉದ್ಯೋಗ. ಹೋದ ಕಡೆಯಿಂದಲೆಲ್ಲ ಗಿಡಗಳನ್ನು ತಂದಂತೆಯೇ ವಿಚಿತ್ರವಸ್ತುಗಳನ್ನೂ ತರುವುದು, ಹೋಗದ ದೇಶಗಳಿಂದ ನಾವಿಕರ ಕೈಯಲ್ಲಿ ತರಿಸುವುದು ಅವನಿಗೆ ವ್ಯಸನವಾಗಿಬಿಟ್ಟಿತು. ದಕ್ಷಿಣ ಲ್ಯಾಂಬೆತ್ತಿನಲ್ಲಿ ಅವನು ಮಾಡಿಕೊಂಡ ಮನೆಯು ಈ ವಸ್ತುಗಳಿಂದ ತುಂಬಿಹೋಯಿತು. ನೋಹನ ನಾವೆಯಲ್ಲಿ ಸಕಲ ಜಂತುಗಳೂ ಸೇರಿದ್ದಂತೆ ಇಲ್ಲಿಯೂ ಸೇರಿವೆಯೆಂದು ಜನರು ಆ ಮನೆಗೆ ‘ನಾವೆ’ ಎಂದೇ ಹೆಸರಿಟ್ಟರು. ಹಣ ಕೊಟ್ಟವರು ಯಾರಾದರೂ ಒಳಹೊಕ್ಕು ನೋಡಬಹುದಾಗಿತ್ತು. ಅರಸರ, ಶ್ರೀಮಂತರ ಸಂಗ್ರಹಗಳು ಅವರ ಅತಿಥಿಗಳಿಗೆ ಮಾತ್ರ ತೆರೆದಿದ್ದ ಆ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಈ ಮನೆಯನ್ನು 1634ರಲ್ಲಿ ನೋಡಿದವರಲ್ಲಿ ಒಬ್ಬನು ಕರ್ಣಾಟಕದ ಇತಿಹಾಸವನ್ನು ಓದಿದವರಿಗೆ ಅಪರಿಚಿತನಲ್ಲ. ಅವನು ಪೀಟರ್ ಮಂಡಿ. ಸೂರತ್ತು, ಆಗ್ರಾ, ಪಾಟ್ನಾಗಳಲ್ಲಿ ಕೆಲವು ವರ್ಷ ಇದ್ದು ಆಗತಾನೆ ಸ್ವದೇಶಕ್ಕೆ ಹಿಂದಿರುಗಿದ್ದ ಮಂಡಿಯು ಟ್ರೆಡೆಸ್ಕಂಟನ ಮನೆಯಲ್ಲಿ ಒಂದು ಇಡೀ ದಿನವನ್ನು ಕಳೆದು, ಜನ್ಮವೆಲ್ಲ ದೇಶ ಸುತ್ತಿದರೂ ಕಾಣಲಾಗದಷ್ಟು ಅಪೂರ್ವವಸ್ತುಗಳನ್ನು ಇಲ್ಲಿ ಒಂದೇ ಎಡೆಯಲ್ಲಿ ಒಂದೇ ದಿನದಲ್ಲಿ ಕಾಣಬಹುದೆಂಬ ಅಭಿಪ್ರಾಯವನ್ನು ಬರೆದಿಟ್ಟನು. ಇದೇ ಮಂಡಿಯು ಮತ್ತೆ ಪೂರ್ವದೇಶಗಳಿಗೆ ಹೊರಟು, 1637ರಲ್ಲಿ ವೆಡ್ಡೆಲನ ಹಡಗುಗಳೊಡನೆ ಭಟ್ಕಳಕ್ಕೆ ಬಂದು, ಘಟ್ಟವನ್ನೇರಿ, ಇಕ್ಕೇರಿಯಲ್ಲಿ ವೀರಭದ್ರನಾಯಕನ ಆಸ್ಥಾನವನ್ನು ಕಂಡವನು. ಮೆಣಸಿನ ವ್ಯಾಪಾರವೇ ಆ ಪ್ರಯಾಣದ ಉದ್ದೇಶವಾಗಿತ್ತು. ದೇಶಗಳನ್ನು ಸ್ವತಃ ನೋಡಿದ ಇಂತಹನ ಬಾಯಿಂದ ಬಂದುದರಿಂದಲೇ ಲ್ಯಾಂಬೆತ್ತಿನ ಮನೆಯ ಕುರಿತ ಮಾತಿಗೆ ತೂಕವಿದೆ.

ಹಿರಿಯನು 1638ರಲ್ಲಿ ತೀರಿಕೊಂಡನು. ಆ ಸಂಗ್ರಹವನ್ನು ಮಗನಿಗೆ ಬಿಡುತ್ತ, ಅವನು ಅದನ್ನು ಮಾರಲು ಬಯಸಿದರೆ ಮೊದಲು ಯುವರಾಜನಿಗೆ ತೋರಿಸತಕ್ಕುದೆಂದು ಮರಣಶಾಸನದಲ್ಲಿ ವಿಧಿಸಿದ್ದನು. ಕಿರಿಯ ಜಾನನು ಆಗ ಅಮೆರಿಕದ ವರ್ಜೀನಿಯದಿಂದ ಗಿಡ, ಬೀಜ, ಚಿಪ್ಪುಗಳನ್ನು ಕೂಡಿಸಿಕೊಂಡು ಬಂದು ತಂದೆಯ ಉದ್ಯೋಗಕ್ಕೂ ಸಂಗ್ರಹಕ್ಕೂ ಒಡೆಯನಾದನು. ಮೊದಲ ಹೆಂಡತಿಯು 1635ರಲ್ಲಿಯೇ ಗತಿಸಿದ್ದುದರಿಂದ 1638ರಲ್ಲಿ ಹೆಸ್ಟರ್ ಪೂಕ್ಸ್ ಎಂಬಾಕೆಯನ್ನು ಮದುವೆಯಾದನು. ಮೊದಲ ಹೆಂಡತಿಯ ಇಬ್ಬರು ಮಕ್ಕಳನ್ನು ಸಾಕಿದವಳು ಈಕೆಯೇ; ಆ ಮಕ್ಕಳೊಡನೆ ಈಕೆ ನಿಂತಿರುವ 1645ರ ಚಿತ್ರಪಟವು ಈಗಲೂ ಆಕ್ಸ್‌ಫರ್ಡಿನಲ್ಲಿದೆ. ಗಂಡುಮಗುವೂ ಜಾನ್ ಎಂಬ ಹೆಸರಿನವನೇ. ಅವನು 1652ರಲ್ಲಿ, 19ನೆಯ ವಯಸ್ಸಿನಲ್ಲಿ, ಮರಣಹೊಂದಿದನು. ಅಲ್ಲಿಗೆ ಮನೆತನದ ಹೆಸರು ನಿಂತಿತು. ‘ಈ ಸಂಗ್ರಹವು ಮುಂದೆ ಯಾರದು’ ಎಂಬ ಪ್ರಶ್ನೆಯು ಹುಟ್ಟಿದ್ದು ಈ ಸಾವಿನಿಂದ.

ಇಲಿಯಾಸ್ ಆಷ್ಮೋಲನು ಈ ಮನೆಗೆ ಮೊದಲು ಬಂದದ್ದು 1650ರಲ್ಲಿ. ಇವನು ನ್ಯಾಯವಾದಿ, ರಸವಾದದಲ್ಲಿಯೂ ಜ್ಯೋತಿಷದಲ್ಲಿಯೂ ಆಸಕ್ತ, ಪ್ರಾಚೀನಶೋಧಕ. ದೊರೆ ಎರಡನೆಯ ಚಾರ್ಲ್ಸನು ಪಟ್ಟಕ್ಕೆ ಬಂದ ಮೇಲೆ ಲಾಂಛನಾಧಿಕಾರಿಗಳ ಸಂಸ್ಥೆಯಲ್ಲಿ ವಿಂಡ್ಸರ್ ಹೆರಲ್ಡ್ ಎಂಬ ಪದವಿಯನ್ನು ಪಡೆದವನು. ಸಂಗ್ರಹದ ಪಟ್ಟಿಯನ್ನು ಮಾಡುವ ಕೆಲಸದಲ್ಲಿ ಇವನೂ ವೈದ್ಯನಾದ ಥಾಮಸ್ ವಾರ್ಟನನೂ ಟ್ರೆಡೆಸ್ಕಂಟನಿಗೆ ನೆರವಾದರು. 1656ರಲ್ಲಿ ಆ ಪಟ್ಟಿಯು ‘ಮ್ಯೂಸಿಯಂ ಟ್ರೆಡೆಸ್ಕಂಟಿಯಾನಂ’ ಎಂಬ ಹೆಸರಿನಿಂದ, ಹಾಲರನು ಕೆತ್ತಿದ ತಂದೆಮಕ್ಕಳ ಚಿತ್ರಗಳೊಡನೆ ಅಚ್ಚಾಯಿತು. ಹಕ್ಕಿಗಳು, ಚತುಷ್ಪಾದಿಗಳು, ಮೀನುಗಳು, ಚಿಪ್ಪುಗಳು, ಖನಿಜಗಳು, ಆಯುಧಗಳು, ಉಡುಪುಗಳು, ನಾಣ್ಯಗಳು ಎಂಬ ಕ್ರಮದಲ್ಲಿ ವಿಂಗಡವಾಗಿ, ಕಡೆಯಲ್ಲಿ ತೋಟದ ಗಿಡಗಳ ಪಟ್ಟಿಯೂ ಸೇರಿದ ಪುಸ್ತಕವಿದು. ಮಾರಿಷಸ್ ದ್ವೀಪದ ಡೋಡೋ ಎಂಬ, ಹಾರಲಾರದ, ಈಗ ವಂಶವೇ ಅಳಿದಿರುವ ಹಕ್ಕಿಯ ದೇಹ, ವರ್ಜೀನಿಯದ ಅರಸ ಪೊಹಾಟನನದೆಂದು ಹೇಳಲಾದ, ಚಿಪ್ಪುಗಳನ್ನು ಹೊಲಿದ ಜಿಂಕೆಚರ್ಮದ ಹೊದಿಕೆ, ಇವೆರಡೂ ಆ ಪಟ್ಟಿಯಲ್ಲಿವೆ. ಇವುಗಳ ಜೊತೆಗೇ ಫೀನಿಕ್ಸ್ ಪಕ್ಷಿಯ ಗರಿಯೆಂಬುದನ್ನೂ ಯಾವ ಸಂಕೋಚವೂ ಇಲ್ಲದೆ ನಮೂದಿಸಿದೆ. ವಿಜ್ಞಾನವೂ ಅದ್ಭುತವೂ ಇನ್ನೂ ಬೇರೆಯಾಗಿರದ ಕಾಲವದು. ಈ ಕಾರಣದಿಂದ ಪಟ್ಟಿಯನ್ನು ಹಗುರಾಗಿ ಕಾಣುವುದು ಸರಿಯಲ್ಲ.

ಪುಸ್ತಕದ ಅಚ್ಚಿನ ವೆಚ್ಚವನ್ನು ವಹಿಸಿದವನು ಆಷ್ಮೋಲನು. 1659ರ ಡಿಸೆಂಬರಿನಲ್ಲಿ ಟ್ರೆಡೆಸ್ಕಂಟನು ತನ್ನ ಸಂಗ್ರಹವನ್ನೆಲ್ಲ ಆಷ್ಮೋಲನಿಗೆ ದಾನಪತ್ರದ ಮೂಲಕ ಬರೆದುಕೊಟ್ಟನು. ಗಂಡಹೆಂಡಿರಿಬ್ಬರೂ ಬಹುಕಾಲ ಆಲೋಚಿಸಿ ಈ ನಿಶ್ಚಯಕ್ಕೆ ಬಂದರೆಂದು ಆಷ್ಮೋಲನ ದಿನಚರಿಯು ಹೇಳುತ್ತದೆ. ಆದರೆ 1661ರ ಏಪ್ರಿಲಿನಲ್ಲಿ ಅದೇ ಟ್ರೆಡೆಸ್ಕಂಟನು ಬರೆಸಿದ ಮರಣಶಾಸನದಲ್ಲಿ ಆಷ್ಮೋಲನಿಗೆ ಸಂಗ್ರಹದ ಮಾತೇ ಇಲ್ಲ. ಅದು ಹೆಸ್ಟರಳಿಗೆ ಸೇರತಕ್ಕುದು. ಆಕೆಯ ಅನಂತರ ಆಕ್ಸ್‌ಫರ್ಡ್ ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಲ್ಲಿ ಆಕೆಯು ಆರಿಸಿದ ಒಂದಕ್ಕೆ ಹೋಗತಕ್ಕುದು. ಎರಡು ಪತ್ರಗಳೂ ಒಬ್ಬನೇ ಬರೆಸಿದವು. ಒಂದು ಇನ್ನೊಂದನ್ನು ಒಡೆಯುತ್ತದೆ.

ಟ್ರೆಡೆಸ್ಕಂಟನ ಶವಸಂಸ್ಕಾರವಾದುದು 1662ನೆಯ ಇಸವಿ ಏಪ್ರಿಲ್ 25ರಂದು. ಮೇ ತಿಂಗಳು ಮುಗಿಯುವುದರೊಳಗೆ ಆಷ್ಮೋಲನು ಆಕೆಯ ಮೇಲೆ ಚಾನ್ಸರಿ ನ್ಯಾಯಸ್ಥಾನದಲ್ಲಿ ದಾವೆ ಹೂಡಿದನು. ಹೆಸ್ಟರಳು ಈ ಸಮಾಧಿಯನ್ನು ನಿಲ್ಲಿಸಿದುದೂ ಅದೇ 1662ರಲ್ಲಿ. ತನ್ನ ವೆಚ್ಚದಿಂದಲೇ ಇದನ್ನು ಮಾಡಿಸಿದುದಾಗಿ ಆಕೆ ಕಲ್ಲಿನ ಮೇಲೆ ಬರೆಯಿಸಿದಳು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆತ್ತನೆಯ ಅರ್ಥವು ತಾನಾಗಿಯೇ ತಿಳಿಯುತ್ತದೆ. ಸಮಾಧಿಯ ಶಿಲ್ಪವನ್ನು ಸಾವಿನ, ಕಾಲದ ಸಂಕೇತವೆಂದಷ್ಟೇ ವಿವರಿಸುವುದುಂಟು. ಪಾಳುಕಂಬಗಳಿಗೂ ಬುರುಡೆಯನ್ನು ಕುಕ್ಕುವ ಹೈಡ್ರಕ್ಕೂ ಆ ವಿವರಣೆ ಒಪ್ಪುತ್ತದೆ. ಅಂತಹ ಸಂಕೇತಗಳು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೊಸವಲ್ಲ. ಮೊಸಳೆಗೂ ಶಂಖಗಳಿಗೂ ಅದು ಒಪ್ಪುವುದಿಲ್ಲ. ಇವು ‘ನಾವೆ’ಯ ಕೋಣೆಗಳಲ್ಲಿ ಇದ್ದ ಬಗೆಯ ವಸ್ತುಗಳು, ಮೂಲೆಯ ಮರಗಳು ಅದರ ತೋಟವನ್ನು ಸೂಚಿಸತಕ್ಕವು. ಅಂದರೆ 1656ರಲ್ಲಿ ಕಾಗದದ ಮೇಲೆ ಅಚ್ಚಾದ ಪಟ್ಟಿಯ ಸಾರವನ್ನೇ 1662ರಲ್ಲಿ ಕಲ್ಲಿನ ಮೇಲೆ ಬಿಡಿಸಿ, ಅದರ ತಲೆಯಲ್ಲಿ ಮನೆತನದ ಲಾಂಛನವನ್ನು ಇಟ್ಟಂತಾಯಿತು. ಸಂಗ್ರಹದ ಒಡೆತನವು ನ್ಯಾಯಸ್ಥಾನದಲ್ಲಿ ಚರ್ಚೆಗೆ ಬಂದಿರುವಾಗ, ಎದುರಾಳಿಯು ಲಾಂಛನಾಧಿಕಾರಿಯೇ ಆಗಿರುವಾಗ, ಊರಿನವರೆಲ್ಲ ಭಾನುವಾರ ನಡೆದುಹೋಗುವ ಚರ್ಚಿನ ಅಂಗಳದಲ್ಲಿ ವಿಧವೆಯೊಬ್ಬಳು ಇದನ್ನು ನಿಲ್ಲಿಸಿದಳು. ಇದು ದುಃಖದ ಸ್ಮಾರಕವೆಂಬುದರಲ್ಲಿ ಸಂದೇಹವಿಲ್ಲ. ಜೊತೆಗೆ ಇದು ಒಂದು ಹಕ್ಕಿನ ಮಾತೂ ಹೌದೆಂದು ತಿಳಿಯಲು ಅವಕಾಶವಿದೆ.

ತೀರ್ಪು 1664ರ ಮೇ ತಿಂಗಳಲ್ಲಿ ಲಾರ್ಡ್ ಚಾನ್ಸಲರ್ ಕ್ಲಾರೆಂಡನನಿಂದ ಹೊರಬಿದ್ದಿತು. ದಾನಪತ್ರವೇ ಸಿಂಧುವೆಂದೂ, ಹೆಸ್ಟರಳು ಜೀವವಿರುವವರೆಗೆ ವಸ್ತುಗಳನ್ನು ಆಷ್ಮೋಲನ ಪರವಾಗಿ ಕಾಪಾಡಿಕೊಂಡಿರತಕ್ಕುದೆಂದೂ ಆಯಿತು. ಅಚ್ಚಾದ ಪಟ್ಟಿಯೊಡನೆ ವಸ್ತುಗಳನ್ನು ತಾಳೆನೋಡಲು ಸರ್ ಎಡ್ವರ್ಡ್ ಬಿಷ್, ವಿಲಿಯಂ ಡಗ್‌ಡೇಲ್ ಇವರನ್ನು ನೇಮಿಸಲಾಯಿತು. ಇವರಿಬ್ಬರೂ ಲಾಂಛನಾಧಿಕಾರಿಗಳು, ಆಷ್ಮೋಲನ ಸಹೋದ್ಯೋಗಿಗಳು. ಡಗ್‌ಡೇಲನಾದರೋ ನಾಲ್ಕು ವರ್ಷದ ಮೇಲೆ ಅವನಿಗೆ ಹೆಣ್ಣುಕೊಟ್ಟ ಮಾವನೇ ಆದನು. ನ್ಯಾಯವು ನ್ಯಾಯದಂತೆ ತೋರಲೂ ಬೇಕೆಂಬ ನಿಯಮವನ್ನು ಆ ಕಾಲವು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ.

ಆದರೂ ಆಷ್ಮೋಲನನ್ನು ಕೇವಲ ವಂಚಕನೆಂದು ನಿರ್ಣಯಿಸುವುದು ಆತುರದ ಮಾತು. ದಾನಪತ್ರವು ಕೃತ್ರಿಮವಲ್ಲ. ಸಂಗ್ರಹವು ಚೂರುಚೂರಾಗಿ ಮಾರಾಟವಾಗದೆ ಒಂದಾಗಿ ಉಳಿದುದೂ, ಟ್ರೆಡೆಸ್ಕಂಟನು ಬಯಸಿದಂತೆ ಒಂದು ವಿಶ್ವವಿದ್ಯಾನಿಲಯವನ್ನೇ ಸೇರಿದುದೂ ಇವನಿಂದಲೇ. ಇವನ ಮೇಲೆ ನಿಲ್ಲುವ ದೋಷವು ವಸ್ತುವಿಗೆ ಸಂಬಂಧಿಸಿದುದಲ್ಲ, ಹೆಸರಿಗೆ ಸಂಬಂಧಿಸಿದುದು. ವಿಧವೆಯೊಡನೆ ಇವನು ನಡೆದುಕೊಂಡ ರೀತಿಯೂ ಮೃದುವಾದುದಲ್ಲ. 1674ರಲ್ಲಿ ಆಕೆಯ ಮನೆಗೆ ಹೊಂದಿಕೊಂಡ ಮನೆಯನ್ನೇ ಗುತ್ತಿಗೆಗೆ ಪಡೆದು ಬಂದು ನೆಲಸಿದನು; ಆ ವರ್ಷದ ಕೊನೆಯಲ್ಲಿ ಕೆಲವು ವಸ್ತುಗಳು ಇವನ ಮನೆಗೆ ಸಾಗಿದವು. 1676ರಲ್ಲಿ, ಇವನ ವಿಷಯವಾಗಿ ತಾನು ಆಡಿದ ನಿಂದೆಯ ಮಾತುಗಳು ಸುಳ್ಳೆಂದು ಒಪ್ಪಿಕೊಳ್ಳುವ ಪತ್ರವೊಂದಕ್ಕೆ ಹೆಸ್ಟರಳು ಸಹಿಮಾಡಬೇಕಾಯಿತು. 1678ರ ಏಪ್ರಿಲ್ ಮೊದಲಲ್ಲಿ ಆಕೆಯ ದೇಹವು ತೋಟದ ಕೊಳದಲ್ಲಿ ದೊರೆಯಿತು. ಆಷ್ಮೋಲನು ತನ್ನ ಹೆಂಡತಿಯಿಂದ ಸುದ್ದಿಯನ್ನು ಕೇಳಿದುದಾಗಿಯೂ, ಹಿಂದಿನ ದಿನದ ನಡುಹಗಲಿನ ಸುಮಾರಿಗೆ ಆಕೆ ಮುಳುಗಿರಬೇಕೆಂದೂ ದಿನಚರಿಯಲ್ಲಿ ಬರೆದುಕೊಂಡನು. ಬರೆಹದಲ್ಲಿ ಮರುಕದ ಒಂದು ಮಾತೂ ಇಲ್ಲ. ಆತ್ಮಹತ್ಯೆಯೆಂದು ಕೆಲವರು ಬರೆದಿರುವುದುಂಟು. ಆತ್ಮಹತ್ಯೆ ಮಾಡಿಕೊಂಡವರೆಂದು ನಿರ್ಣಯವಾದವರಿಗೆ ಆಗಿನ ಇಂಗ್ಲೆಂಡಿನಲ್ಲಿ ಚರ್ಚಿನ ಸಂಸ್ಕಾರವು ಸಲ್ಲುತ್ತಿರಲಿಲ್ಲ. ಹೆಸ್ಟರಳನ್ನಾದರೋ ಆಕೆಯೇ ಕಟ್ಟಿಸಿದ ಗೋರಿಯಲ್ಲಿ, ಪತಿಯ ಮತ್ತು ಮಲಮಗನ ಬಳಿಯಲ್ಲಿ, ಹೂಳಲಾಯಿತು. ಈ ಸಂಗತಿಯನ್ನು ಬಿಟ್ಟು ಆಕೆಯ ಮರಣದ ವಿಚಾರವನ್ನು ಮಾಡಬಾರದು.

ಮುಂದಿನ ವರ್ಷ, ಎಂದರೆ 1679ರ ಜನವರಿಯಲ್ಲಿ, ಮಿಡಲ್ ಟೆಂಪಲಿನಲ್ಲಿದ್ದ ಆಷ್ಮೋಲನ ಕೊಠಡಿಗಳಿಗೆ ಬೆಂಕಿ ಬಿದ್ದು, ಅವನು ಸ್ವಂತವಾಗಿ ಕೂಡಿಸಿದ್ದ ನಾಣ್ಯಗಳೂ ಪುಸ್ತಕಗಳಲ್ಲಿ ಅನೇಕವೂ ನಾಶವಾದವು. ಲ್ಯಾಂಬೆತ್ತಿನಲ್ಲಿದ್ದುದು ಉಳಿಯಿತು. ಆದಕಾರಣ 1683ರಲ್ಲಿ ಆಕ್ಸ್‌ಫರ್ಡಿಗೆ ಸಾಗಿ ಹೊಸ ಕಟ್ಟಡದಲ್ಲಿ ಸಾರ್ವಜನಿಕರಿಗೆ ತೆರೆದ ಸಂಗ್ರಹದ ತಿರುಳು ಟ್ರೆಡೆಸ್ಕಂಟರದೇ. ಕಟ್ಟಡಕ್ಕೆ ಬಿದ್ದ ಹೆಸರು ಮಾತ್ರ ಆಷ್ಮೋಲಿಯನ್ ಮ್ಯೂಸಿಯಂ. ಪೊಹಾಟನನ ಹೊದಿಕೆಯು ಈಗಲೂ ಅಲ್ಲಿದೆ. ಡೋಡೋ ಹಕ್ಕಿಯ ತಲೆ ಮತ್ತು ಪಾದ ಅದೇ ವಿಶ್ವವಿದ್ಯಾನಿಲಯದ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯವನ್ನು ಸೇರಿವೆ. ಟ್ರೆಡೆಸ್ಕಂಟರ ಹೆಸರು ಉಳಿದುಕೊಂಡ ಇನ್ನೊಂದು ಕ್ಷೇತ್ರವೆಂದರೆ ಸಸ್ಯಶಾಸ್ತ್ರ. ವರ್ಜೀನಿಯದ ಒಂದು ಗಿಡದ ಜಾತಿಗೆ ಲಿನೇಯಸನು ಟ್ರೆಡೆಸ್ಕಾಂಷಿಯ ಎಂಬ ಹೆಸರನ್ನು ಸ್ಥಿರಗೊಳಿಸಿದನು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಜೀವಕೋಶವು ಕುಗ್ಗುವುದನ್ನು ತೋರಿಸಲು ಸಿಪ್ಪೆ ಸುಲಿಯುವ, ಎಲೆಯ ಕೆಳಮೈ ನೇರಿಳೆಯಾದ ರಿಯೋ ಗಿಡವೂ ಇದೇ ಜಾತಿಗೆ ಸೇರಿದುದು. ಕರ್ಣಾಟಕದ ವಿದ್ಯಾರ್ಥಿಗಳು ಲ್ಯಾಂಬೆತ್ತಿನ ತೋಟಗಾರನ ಹೆಸರನ್ನು ಅರಿಯದೆಯೇ ಅವನ ಬಳಗದ ಗಿಡವನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಇನ್ನು ಸಮಾಧಿಯ ಪ್ರಾಮಾಣ್ಯದ ವಿಚಾರ. ಈಗ ಕಣ್ಣಿಗೆ ಕಾಣುವ ಕಲ್ಲು 1662ರದಲ್ಲ. ಲಂಡನ್ನಿನ ಹೊಗೆಗೂ ಮಳೆಗೂ ಸಿಕ್ಕಿ ಮೊದಲ ಗೋರಿಯು 18ನೆಯ ಶತಮಾನದಲ್ಲಿಯೇ ಸವೆದುಹೋಗಿತ್ತು. 1749ರಲ್ಲಿ ವಿಲಿಯಂ ವಾಟ್ಸನನು ದಕ್ಷಿಣ ಲ್ಯಾಂಬೆತ್ತಿಗೆ ಹೋಗಿ ಟ್ರೆಡೆಸ್ಕಂಟರ ತೋಟದಲ್ಲಿ ಅಳಿದುಳಿದ ಗಿಡಮರಗಳನ್ನು ಕಂಡು ರಾಯಲ್ ಸೊಸೈಟಿಗೆ ವರದಿಯಿತ್ತನು. ಲ್ಯಾಂಬೆತ್ ಅರಮನೆಯ ಪುಸ್ತಕಭಂಡಾರದ ಅಧಿಕಾರಿ ಡ್ಯುಕರೆಲನು ಸಮಾಧಿಯ ವಿಷಯವಾಗಿ ಈ ವಾಟ್ಸನನಿಗೆ ಬರೆದ ಪತ್ರವು 1773ರಲ್ಲಿ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ವಂತಿಗೆಯೆತ್ತಿ ಗೋರಿಯನ್ನು ಸರಿಪಡಿಸಿದರು. 1853ರಲ್ಲಿ ಮತ್ತೆ ವಂತಿಗೆಯೆತ್ತಿ ಕೆತ್ತನೆಯನ್ನೆಲ್ಲ ಹೊಸ ಕಲ್ಲಿನಲ್ಲಿ ಮಾಡಿಸಿದರು. ಹೀಗಿರುವಲ್ಲಿ, ಮೊಸಳೆ ಮತ್ತು ಶಂಖಗಳ ಮೇಲೆ ಕಟ್ಟಿದ ವಾದಕ್ಕೆ ಆಧಾರವೇನು ಎಂದು ಕೇಳುವುದು ಯುಕ್ತವೇ. ಆಧಾರವು ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿದೆ. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯಲ್ ಪೀಪ್ಸನು ಆ ಕಾಲೇಜಿಗೆ ಬಿಟ್ಟುಹೋದ ಪುಸ್ತಕಭಂಡಾರದಲ್ಲಿ ಮೂಲಸಮಾಧಿಯ ಚಿತ್ರಗಳಿವೆ. ಪೀಪ್ಸನು ತೀರಿಕೊಂಡದ್ದು 1703ರಲ್ಲಿ. ಆದುದರಿಂದ ಅವು ಎರಡು ಜೀರ್ಣೋದ್ಧಾರಗಳಿಗೂ ಹಿಂದಿನವು. ಈ ಚಿತ್ರಗಳಲ್ಲಿಯೂ ಮೊಸಳೆ, ಚಿಪ್ಪು, ಪಾಳುಕಟ್ಟಡ, ಹೈಡ್ರ, ಮರಗಳು ಕಾಣಬರುತ್ತವೆ. ಶಿಲೆ ಹೊಸದಾದರೂ ರೂಪವು ಹೆಸ್ಟರಳು ಮಾಡಿಸಿದುದೇ.

ಬರೆಹದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಮುಚ್ಚುಗಲ್ಲಿನ ಮೇಲೆ ಈಗ ಓದುವ ಪದ್ಯವು ದಾರಿಹೋಕನನ್ನು ಕರೆದು ನಿಲ್ಲಿಸಿ, ಅಜ್ಜ, ತಂದೆ, ಮಗ ಮೂವರನ್ನೂ ಅವರ ಪ್ರಯಾಣಗಳನ್ನೂ ಸಂಗ್ರಹವನ್ನೂ ಹೊಗಳುತ್ತದೆ. ಇದು ಮೊದಲ ಕಲ್ಲಿನಲ್ಲಿ ಇರಲಿಲ್ಲ; 1773ರಲ್ಲಿ ಸೇರಿದುದು. ಸಾಹಿತ್ಯದ ಪಾಠಗಳಲ್ಲಿ ಈ ಪದ್ಯವನ್ನು ಸಮಾಧಿಯ ಮೂಲಬರೆಹವೆಂದು ಭಾವಿಸದಿರುವುದು ಲೇಸು. ಪದ್ಯದಲ್ಲಿ ಮೂವರು ಗಂಡಸರಿದ್ದಾರೆ, ಹೆಸ್ಟರಳಿಲ್ಲ. ಆಕೆಯ ಹೆಸರು ಉಳಿದಿರುವುದು ಜೀರ್ಣೋದ್ಧಾರ ಮಾಡಿದವರು ಕೆಳಗೆ ಬರೆಯಿಸಿದ ಗದ್ಯದ ಸಾಲುಗಳಲ್ಲಿ: ಜಾನ್ ಟ್ರೆಡೆಸ್ಕಂಟನ ವಿಧವೆಯಾದ ಹೆಸ್ಟರಳು 1662ರಲ್ಲಿ ಇದನ್ನು ಇದೇ ಸ್ಥಳದಲ್ಲಿ ಮೊದಲು ನಿಲ್ಲಿಸಿದಳೆಂದು ಅವು ತಿಳಿಸುತ್ತವೆ.

ಆಷ್ಮೋಲನು 1692ರಲ್ಲಿ ಮೃತನಾದಾಗ ಅವನನ್ನು ಹೂಳಿದುದು ಇದೇ ಸೇಂಟ್ ಮೇರಿ ಚರ್ಚಿನಲ್ಲಿ. ಟ್ರೆಡೆಸ್ಕಂಟರದು ಹೊರಗಣ ಅಂಗಳ, ಅವನದು ಚರ್ಚಿನ ಒಳಗು. ಕಪ್ಪು ಕಲ್ಲಿನ ಮೇಲಣ ಲ್ಯಾಟಿನ್ ಬರೆಹವು, ಆಕ್ಸ್‌ಫರ್ಡಿನ ಆಷ್ಮೋಲಿಯನ್ ಮ್ಯೂಸಿಯಂ ಇರುವವರೆಗೆ ಇವನಿಗೆ ಸಾವಿಲ್ಲವೆಂದು ಹೇಳುತ್ತದೆ.

20ನೆಯ ಶತಮಾನದಲ್ಲಿ ಸುತ್ತಲಿನ ಜನವಸತಿ ಕಡಿಮೆಯಾಗಿ 1972ರಲ್ಲಿ ಚರ್ಚಿನ ಪೂಜೆ ನಿಂತಿತು. ಕಟ್ಟಡವನ್ನು ಕೆಡವುವ ಮಾತೂ ಹುಟ್ಟಿತು. 1976ರಲ್ಲಿ ಟ್ರೆಡೆಸ್ಕಂಟರ ಗೋರಿಯನ್ನು ಹುಡುಕಿಕೊಂಡು ಬಂದ ರೋಸ್‌ಮೇರಿ ನಿಕಲ್ಸನ್ ಎಂಬ ಮಹಿಳೆ ಈ ಸ್ಥಿತಿಯನ್ನು ಕಂಡು, ಪತಿ ಜಾನ್ ನಿಕಲ್ಸನರೊಡನೆ ಒಂದು ಟ್ರಸ್ಟನ್ನು ಏರ್ಪಡಿಸಿ, 1977ರಲ್ಲಿ ಅಲ್ಲಿ ತೋಟಗಾರಿಕೆಯ ಇತಿಹಾಸದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಗೋರಿಯ ಬಳಿ ಮಾಡಿದ 17ನೆಯ ಶತಮಾನದ ರೀತಿಯ ತೋಟವನ್ನು ಯೋಜಿಸಿದವರು ಹ್ಯಾಟ್‌ಫೀಲ್ಡಿನ ಸಾಲ್ಸ್‌ಬರಿ ಮನೆತನದ ಹಿರಿಯ ಮಹಿಳೆ. ಹಿರಿಯ ಜಾನನಿಗೆ ಅನ್ನವಿಟ್ಟ ಮನೆಯೇ ಅದು. ಆ ತೋಟವನ್ನು ಮುಂದೆ ಮಾರ್ಪಡಿಸಲಾಯಿತು. 2016ರಲ್ಲಿ ಕಟ್ಟಡದ ದುರಸ್ತಿಯ ಕಾಲಕ್ಕೆ ನೆಲದಡಿಯ ಒಂದು ಕೋಣೆಯಲ್ಲಿ ಸುಮಾರು 30 ಸೀಸದ ಶವಪೆಟ್ಟಿಗೆಗಳು ಕಾಣಿಸಿ, ಅವುಗಳಲ್ಲಿ ಕೆಲವು ಹಳೆಯ ಆರ್ಚ್‌ಬಿಷಪ್ಪರವೆಂದು ತಿಳಿದುಬಂದಿತು. 2017ರಲ್ಲಿ ಸಂಗ್ರಹಾಲಯವು ಮತ್ತೆ ತೆರೆದಾಗ ಅದರ ಒಂದು ಕೋಣೆಗೆ ‘ನಾವೆ’ ಎಂಬ ಹಳೆಯ ಹೆಸರನ್ನೇ ಇಟ್ಟು ಟ್ರೆಡೆಸ್ಕಂಟರ ಸಂಗ್ರಹವನ್ನು ನೆನಪಿಗೆ ತರುವ ವಸ್ತುಗಳನ್ನು ಜೋಡಿಸಿದರು. ಅವುಗಳಲ್ಲಿ ಕೆಲವು ಆಕ್ಸ್‌ಫರ್ಡಿನಿಂದ, ಆಷ್ಮೋಲಿಯನ್ ಮ್ಯೂಸಿಯಮ್ಮಿನ ಎರವಲಾಗಿ ಬಂದವು.